ಲ್ಯಾಪ್‌ಟಾಪ್‌ನ ಒಳಗಿನ ಕ್ಯಾಮೆರಾ ಪತ್ತೆಯೇ ಇಲ್ಲವೇ? ಕೊಂಡಿ ಎಲ್ಲಿ ಕಳಚಿದೆ ಎಂದು ಹುಡುಕುವ ಬಗೆ

ಪರದೆಯ ಮೇಲಂಚಿನ ಕ್ಯಾಮೆರಾ ಕೈಕೊಟ್ಟಿತೆಂದರೆ ಬಹಳ ಜನ ಮೊದಲು ಡ್ರೈವರ್ (ಸಾಧನದ ಜೊತೆ ಮಾತಾಡಲು ವಿಂಡೋಸ್ ಬಳಸುವ ತಂತ್ರಾಂಶ) ತೆಗೆದು ಮತ್ತೆ ಹಾಕುತ್ತಾರೆ. ಅದಕ್ಕೂ ಜಗ್ಗದಿದ್ದರೆ ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕುತ್ತಾರೆ. ಕ್ಯಾಮೆರಾ 'ಪತ್ತೆಯೇ ಆಗುತ್ತಿಲ್ಲ' ಎಂಬ ದೂರಿಗೆ ಇವೆರಡೂ ಹೆಚ್ಚಿನ ಸಲ ದಂಡದ ಕೆಲಸ. ಏಕೆಂದರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಈ ಕ್ಯಾಮೆರಾ ಎಂಬುದು ಒಳಗೇ ಕಾಯಂ ಆಗಿ ಚುಚ್ಚಿಟ್ಟ ಒಂದು ಯುಎಸ್‌ಬಿ ಸಾಧನ, ಅಷ್ಟೇ. ಹೊರಗಿನ ಪೆನ್‌ಡ್ರೈವಿಗೆ ಹೇಗೋ ಇದಕ್ಕೂ ಹಾಗೆಯೇ: ಪವರಿಗೆ ಒಂದು ತಂತಿ, ಗ್ರೌಂಡಿಗೆ ಒಂದು, ಡೇಟಾಕ್ಕೆ ಎರಡು. ಕೂದಲಿಗಿಂತ ಸ್ವಲ್ಪ ದಪ್ಪದ ಈ ನಾಲ್ಕು ಎಳೆ ಹಿಂಜಿನ (ಪರದೆ ಮಡಚುವ ಕೀಲಿನ) ಒಳಗಿಂದ ನುಸುಳಿ ಮದರ್‌ಬೋರ್ಡಿಗೆ ಹೋಗುತ್ತವೆ. ಆ ಹಾದಿಯಲ್ಲಿ ಎಲ್ಲೋ ಸಂಪರ್ಕ ತಪ್ಪಿದ್ದರೆ ಯಾವ ಡ್ರೈವರ್ ಹಾಕಿದರೂ ಅದಕ್ಕೆ ಮಾತಾಡಲು ಆ ಕಡೆ ಯಾರೂ ಇರುವುದಿಲ್ಲ.

ಹಾಗಾಗಿ ಮೊದಲು ತೀರ್ಮಾನ ಆಗಬೇಕಾದದ್ದು ಒಂದೇ: ಕ್ಯಾಮೆರಾ ಯುಎಸ್‌ಬಿ ದಾರಿಯಲ್ಲಿ ಕಾಣಿಸುತ್ತಿದೆಯೋ ಇಲ್ಲವೋ. ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ.

ಆಪ್ ಹೇಳುವುದನ್ನು ಪೂರ್ತಿ ನಂಬಬೇಡಿ

ವಿಂಡೋಸ್‌ನ ಕ್ಯಾಮೆರಾ ಆಪ್ ತೆರೆದರೆ ಒಂದು ದೋಷಸಂಖ್ಯೆ ಬರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ನೋಡಿ. 4243 ಇದ್ದರೆ ಕ್ಯಾಮೆರಾ ಸರಿಯಾಗಿದೆ, ಬೇರೆ ಯಾವುದೋ ಆಪ್ ಅದನ್ನು ಹಿಡಿದುಕೊಂಡಿದೆ. ಜೂಮ್, ಟೀಮ್ಸ್, ಬ್ರೌಸರಿನ ಮೀಟಿಂಗ್ ಟ್ಯಾಬ್ ಎಲ್ಲ ಮುಚ್ಚಿದರೆ ಮುಗಿಯಿತು. 4244 ಎಂದರೆ 'ಕ್ಯಾಮೆರಾ ಜೋಡಣೆಯಾಗಿಲ್ಲ' ಎಂದರ್ಥ. ಆದರೆ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಕ್ಯಾಮೆರಾ ಅನುಮತಿ ಆಫ್ ಆಗಿದ್ದಾಗ, ಆ್ಯಂಟಿವೈರಸ್ ತಡೆ ಒಡ್ಡಿದಾಗಲೂ ಕೆಲವೊಮ್ಮೆ ಇದೇ 4244 ಬರುವುದುಂಟು. ಸೆಟ್ಟಿಂಗ್ಸ್‌ನ 'ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ' ಒಳಗೆ 'ಕ್ಯಾಮೆರಾ' ಎಂಬಲ್ಲಿ ಮೂರು ಸ್ವಿಚ್‌ಗಳಿವೆ: ಇಡೀ ಯಂತ್ರಕ್ಕೆ ಒಂದು, ಸ್ಟೋರ್ ಆಪ್‌ಗಳಿಗೆ ಒಂದು, ಡೆಸ್ಕ್‌ಟಾಪ್ ಆಪ್‌ಗಳಿಗೆ ಒಂದು. ಮೂರೂ ಆನ್ ಇರಲಿ. ಇವು ಕ್ಯಾಮೆರಾವನ್ನು ಆಪ್‌ಗಳಿಂದ ಮರೆಮಾಡಬಲ್ಲವೇ ಹೊರತು ಡಿವೈಸ್ ಮ್ಯಾನೇಜರಿನಿಂದ ಮಾಯ ಮಾಡಲಾರವು. ಅದಕ್ಕೇ ನಿಜವಾದ ಸಾಕ್ಷಿ ಡಿವೈಸ್ ಮ್ಯಾನೇಜರ್, ಅಂದರೆ ಯಂತ್ರಕ್ಕೆ ಜೋಡಣೆಯಾದ ಸಾಧನಗಳ ವಿಂಡೋಸ್ ಪಟ್ಟಿ.

ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಮೇಲಿನ 'ವ್ಯೂ' ಮೆನುವಿನಲ್ಲಿ 'ಶೋ ಹಿಡನ್ ಡಿವೈಸಸ್' ಆನ್ ಮಾಡಿ. ಇದನ್ನು ಬಿಟ್ಟರೆ ಅರ್ಧ ಸುಳಿವು ಕೈತಪ್ಪುತ್ತದೆ. 'ಕ್ಯಾಮೆರಾಸ್' ಎಂಬ ಗುಂಪು, ಹಳೆಯ ಡ್ರೈವರ್ ಇದ್ದರೆ 'ಇಮೇಜಿಂಗ್ ಡಿವೈಸಸ್', ಜೊತೆಗೆ 'ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್' ಮೂರನ್ನೂ ಬಿಡಿಸಿ ನೋಡಿ.

ಹೆಸರು ನಿಚ್ಚಳವಾಗಿ ಇದೆ, ಯಾವ ಗುರುತೂ ಇಲ್ಲ ಎಂದಾದರೆ ಹಾರ್ಡ್‌ವೇರ್ ಹುಡುಕಾಟ ಬಿಡಿ. ತೊಂದರೆ ಅನುಮತಿಯದ್ದು ಅಥವಾ ಆಪ್‌ನದ್ದು. ಹೆಸರಿನ ಮೇಲೆ ಕೆಳಮುಖ ಬಾಣ ಇದ್ದರೆ ಯಾರೋ ಅದನ್ನು ಡಿಸೇಬಲ್ ಮಾಡಿದ್ದಾರೆ, ಒಳಗೆ ಕೋಡ್ 22 ಇರುತ್ತದೆ. ಬಲ ಕ್ಲಿಕ್, ಎನೇಬಲ್, ಮುಗಿಯಿತು. ಹಳದಿ ತ್ರಿಕೋನ ಇದ್ದರೆ ಪ್ರಾಪರ್ಟೀಸ್ ತೆರೆದು ಕೋಡ್ ಓದಿ: 28 ಎಂದರೆ ಡ್ರೈವರೇ ಇಲ್ಲ, 10 ಎಂದರೆ ಸಾಧನ ಶುರುವಾಗಲಿಲ್ಲ.

ಹೆಸರು ಮಸುಕಾಗಿದ್ದು ಕೋಡ್ 45 ತೋರಿಸಿದರೆ, ಈ ಕ್ಯಾಮೆರಾ ಹಿಂದೆ ಇಲ್ಲಿತ್ತು, ಈಗ ಜೋಡಣೆಯಲ್ಲಿಲ್ಲ ಎಂದರ್ಥ. ಹಳೆಯ ನೆನಪು ಮಾತ್ರ ಉಳಿದಿದೆ. ಇದು ಡ್ರೈವರ್ ತೊಂದರೆಯಲ್ಲ.

ಎಲ್ಲಕ್ಕಿಂತ ಹೆಚ್ಚು ಮಾಹಿತಿ ಕೊಡುವುದು ಯುಎಸ್‌ಬಿ ಗುಂಪಿನಲ್ಲಿ ಕಾಣುವ 'ಅನ್‌ನೋನ್ ಯುಎಸ್‌ಬಿ ಡಿವೈಸ್, ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್' ಎಂಬ ಸಾಲು, ಜೊತೆಗೆ ಕೋಡ್ 43. ಹೊರಗಿನ ಎಲ್ಲ ಯುಎಸ್‌ಬಿ ಸಾಮಾನು ಕಿತ್ತಿಟ್ಟ ಮೇಲೂ ಈ ಸಾಲು ಉಳಿದಿದ್ದರೆ ಅದು ಹೆಚ್ಚುಕಡಿಮೆ ನಿಮ್ಮ ಕ್ಯಾಮೆರಾನೇ. ಯಾರೋ ಬಾಗಿಲು ತಟ್ಟುತ್ತಿದ್ದಾರೆ, 'ನೀವ್ಯಾರು' ಎಂದರೆ ಉತ್ತರ ತೊದಲುತ್ತಿದೆ. ಅಂದರೆ ಪವರ್ ಸಿಗುತ್ತಿದೆ, ಆದರೆ ಡೇಟಾ ತಂತಿಯಲ್ಲಿ ಒಂದು ಅರ್ಧ ಮುರಿದಿದೆ, ಕನೆಕ್ಟರ್ ಸಡಿಲವಾಗಿದೆ ಅಥವಾ ಕ್ಯಾಮೆರಾ ಚಿಪ್ ಕೊನೆಯುಸಿರು ಎಳೆಯುತ್ತಿದೆ.

ಎಲ್ಲಿಯೂ ಏನೂ ಇಲ್ಲ, ಮಸುಕು ಹೆಸರೂ ಇಲ್ಲ ಎಂದಾದರೆ ಸ್ವಿಚ್, ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಯಂತ್ರದ ಮೂಲ ಸೆಟ್ಟಿಂಗ್), ಕೇಬಲ್ ಎಂಬ ಕ್ರಮದಲ್ಲಿ ಮುಂದೆ ಹೋಗಿ.

ಕಣ್ಣಿಗೆ ಬೀಳದ ಸ್ವಿಚ್

ನಾಚಿಕೆಪಡಬೇಕಾದ್ದೇನಿಲ್ಲ, ರಿಪೇರಿಗೆ ಬರುವ ಯಂತ್ರಗಳಲ್ಲಿ ಒಂದಷ್ಟು ಇಲ್ಲಿಯೇ ಸರಿಹೋಗುತ್ತವೆ. ಪರದೆಯ ಮೇಲೆ ಸರಿಯುವ ಪುಟ್ಟ ಮುಚ್ಚಳ ಇರುವ ಥಿಂಕ್‌ಪ್ಯಾಡ್‌ನಂಥವುಗಳಲ್ಲಿ ಅದು ಲೆನ್ಸಿಗೆ ಬರೀ ಮರೆ. ಮುಚ್ಚಿದರೆ ಚಿತ್ರ ಕಪ್ಪಾಗುತ್ತದೆ, ಡಿವೈಸ್ ಮ್ಯಾನೇಜರಿನಲ್ಲಿ ಹೆಸರು ಇದ್ದೇ ಇರುತ್ತದೆ. ಆದರೆ ಲೆನೊವೊದ ಲೀಜನ್ ಮತ್ತು ಕೆಲವು ಐಡಿಯಾಪ್ಯಾಡ್, ಯೋಗ ಮಾದರಿಗಳ ಪಕ್ಕದಲ್ಲಿ, ಎಚ್‌ಪಿಯ ಕೆಲವು ಸ್ಪೆಕ್ಟರ್ ಮತ್ತು ಎನ್ವಿ ಮಾದರಿಗಳ ಪಕ್ಕದಲ್ಲಿ, ಯುಎಸ್‌ಬಿ ಕಿಂಡಿಯ ನೆರೆಯಲ್ಲೇ ಒಂದು ಚಿಕ್ಕ ಸ್ವಿಚ್ ಇರುತ್ತದೆ. ಅದು ವಿದ್ಯುತ್ ಸಂಪರ್ಕವನ್ನೇ ಕಡಿಯುತ್ತದೆ. ಬ್ಯಾಗಿನೊಳಗೆ ಹಾಕುವಾಗ ಉಜ್ಜಿ ಜರುಗಿದರೂ ಸಾಕು, ಕ್ಯಾಮೆರಾ ಹೆಸರೇ ಪಟ್ಟಿಯಿಂದ ಹೊರಟುಹೋಗುತ್ತದೆ.

ಕೀಬೋರ್ಡ್ ಮೇಲೂ ಇಂಥದ್ದೇ ಇರಬಹುದು. ಎಂಎಸ್‌ಐ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಎಫ್‌ಎನ್ ಜೊತೆ ಎಫ್6, ಏಸಸ್‌ನ ಹಲವು ಮಾದರಿಗಳಲ್ಲಿ ಎಫ್10. ಗುರುತು ಕ್ಯಾಮೆರಾದ ಚಿತ್ರ, ಅದರ ಮೇಲೊಂದು ಅಡ್ಡಗೆರೆ. ನಿಮ್ಮ ಕೀಬೋರ್ಡಿನ ಮೇಲಿನ ಸಾಲನ್ನು ಬೆಳಕಿನಲ್ಲಿ ಒಮ್ಮೆ ನಿಧಾನಕ್ಕೆ ಓದಿ. ಒತ್ತಿದ ಮೇಲೆ ಹತ್ತು ಸೆಕೆಂಡು ಕಾದು, ಯುಎಸ್‌ಬಿ ಜೋಡಿಸಿದಾಗ ಬರುವ ಸದ್ದು ಬಂತೇ ಎಂದು ಕೇಳಿ. ಇಂಥ ಕೀಲಿ ಬೋರ್ಡಿನ ಮಟ್ಟದಲ್ಲೇ ಕ್ಯಾಮೆರಾವನ್ನು ಕಡಿಯುವಂಥದ್ದಾದರೆ ವಿಂಡೋಸ್ ಹತ್ತು ಸಲ ಹೊಸದಾಗಿ ಹಾಕಿದರೂ ಅದು ಬದಲಾಗದು.

ಬಯಾಸ್, ಮತ್ತು ಪೂರ್ತಿ ಕರೆಂಟು ಇಳಿಸುವುದು

ಯಂತ್ರ ಆನ್ ಮಾಡುತ್ತಲೇ ಡೆಲ್, ಏಸಸ್, ಏಸರ್‌ಗಳಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಎಂಎಸ್‌ಐಯಲ್ಲಿ ಡಿಲೀಟ್ ಒತ್ತಿದರೆ ಬಯಾಸ್ ತೆರೆಯುತ್ತದೆ. ಥಿಂಕ್‌ಪ್ಯಾಡ್‌ನಲ್ಲಿ 'ಸೆಕ್ಯುರಿಟಿ' ಒಳಗಿನ 'ಐ/ಒ ಪೋರ್ಟ್ ಆ್ಯಕ್ಸೆಸ್' ಎಂಬಲ್ಲಿ 'ಇಂಟಿಗ್ರೇಟೆಡ್ ಕ್ಯಾಮೆರಾ' ಇದೆ. ಡೆಲ್‌ನಲ್ಲಿ 'ಎನೇಬಲ್ ಕ್ಯಾಮೆರಾ' ಎಂದಿರುತ್ತದೆ. ಮನೆಬಳಕೆಯ ಅನೇಕ ಮಾದರಿಗಳಲ್ಲಿ ಇಂಥ ಆಯ್ಕೆಯೇ ಇರುವುದಿಲ್ಲ, ಅದರಿಂದ ಗಾಬರಿ ಬೇಡ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ, ಇಲ್ಲವೇ ಕಂಪನಿಯಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಯಂತ್ರವಾದರೆ, ಬಯಾಸ್‌ನಲ್ಲೇ ಕ್ಯಾಮೆರಾ ಆಫ್ ಮಾಡಿ ಪಾಸ್‌ವರ್ಡ್ ಹಾಕಿಟ್ಟಿರುವ ಸಾಧ್ಯತೆ ಉಂಟು. ಕೊಳ್ಳುವ ಮೊದಲೇ ನೋಡಿಕೊಳ್ಳಬೇಕಾದ ಸಂಗತಿ ಇದು.

ಇನ್ನೊಂದು: ವಿಂಡೋಸ್‌ನ 'ಶಟ್ ಡೌನ್' ಯಂತ್ರವನ್ನು ಪೂರ್ತಿ ನಿಲ್ಲಿಸುವುದಿಲ್ಲ, ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಅರೆನಿದ್ದೆಗೆ ಕಳಿಸುತ್ತದೆ. ಶಿಫ್ಟ್ ಒತ್ತಿಹಿಡಿದು ಶಟ್ ಡೌನ್ ಕ್ಲಿಕ್ ಮಾಡಿ. ಚಾರ್ಜರ್ ಕಿತ್ತು, ಬ್ಯಾಟರಿ ಹೊರಬರುವಂಥದ್ದಾದರೆ ತೆಗೆದು, ಪವರ್ ಬಟನ್ 30 ಸೆಕೆಂಡು ಒತ್ತಿಹಿಡಿಯಿರಿ. ಒಳಬ್ಯಾಟರಿಯ ಹಲವು ಥಿಂಕ್‌ಪ್ಯಾಡ್‌ಗಳ ತಳದಲ್ಲಿ ಸೂಜಿ ಹೋಗುವಷ್ಟು ಸಣ್ಣ ರಿಸೆಟ್ ತೂತಿದೆ. ಚಾರ್ಜರ್ ತೆಗೆದ ಮೇಲೆ ಪೇಪರ್ ಕ್ಲಿಪ್‌ನಿಂದ ಒತ್ತಿ, ಒಂದು ನಿಮಿಷ ಬಿಟ್ಟು, ಚಾರ್ಜರ್ ಹಾಕಿ ಆನ್ ಮಾಡಿ. ಕ್ಯಾಮೆರಾದ ಚಿಪ್ ಸಿಕ್ಕಿಹಾಕಿಕೊಂಡು ನಿಂತಿದ್ದರೆ ಇದರಿಂದ ಎಚ್ಚರಗೊಳ್ಳುತ್ತದೆ. ಸ್ಲೀಪ್‌ನಿಂದ ಎದ್ದ ಮೇಲಷ್ಟೇ ಮಾಯವಾಗುವ ಕ್ಯಾಮೆರಾಕ್ಕೆ ಈ ಮದ್ದು ಚೆನ್ನಾಗಿ ಹಿಡಿಯುತ್ತದೆ. ಅಂಥ ಕಡೆ 'ಯುಎಸ್‌ಬಿ ರೂಟ್ ಹಬ್' ಪ್ರಾಪರ್ಟೀಸ್‌ನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ, ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡಲು ಬಿಡುವ ಟಿಕ್ ಕೂಡ ತೆಗೆದುಬಿಡಿ.

ಸಾಫ್ಟ್‌ವೇರೋ ಹಾರ್ಡ್‌ವೇರೋ: ಒಂದೇ ಪರೀಕ್ಷೆಯಲ್ಲಿ ತೀರ್ಮಾನ

ಇಲ್ಲಿಗೆ ಬಂದ ಮೇಲೂ ಅನುಮಾನ ಇದ್ದರೆ 8 ಜಿಬಿಯ ಪೆನ್‌ಡ್ರೈವಿಗೆ ಉಬುಂಟು (ಲಿನಕ್ಸ್‌ನ ಒಂದು ಬಗೆ, ವಿಂಡೋಸ್‌ಗೆ ಬದಲಿ) ಹಾಕಿ, ಅದರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ 'ಟ್ರೈ' ಆಯ್ಕೆಯಲ್ಲೇ ನಡೆಸಿ. ನಿಮ್ಮ ಹಾರ್ಡ್‌ಡಿಸ್ಕಿನ ತಂಟೆಗೆ ಅದು ಹೋಗುವುದಿಲ್ಲ. ಟರ್ಮಿನಲ್ ತೆರೆದು ಎಲ್, ಎಸ್, ಯು, ಎಸ್, ಬಿ ಎಂಬ ಐದು ಅಕ್ಷರ ಸಣ್ಣಕ್ಷರಗಳಲ್ಲಿ ಜಾಗ ಬಿಡದೆ ಬರೆದು ಎಂಟರ್ ಒತ್ತಿ. ಯುಎಸ್‌ಬಿ ದಾರಿಯಲ್ಲಿರುವ ಎಲ್ಲದರ ಪಟ್ಟಿ ಬರುತ್ತದೆ. ಕ್ಯಾಮೆರಾ ತಯಾರಕರ ಹೆಸರು ಸಾಮಾನ್ಯವಾಗಿ ಲ್ಯಾಪ್‌ಟಾಪ್ ಕಂಪನಿಯದ್ದಾಗಿರುವುದಿಲ್ಲ. ಚೈಕೋನಿ, ಐಎಂಸಿ ನೆಟ್‌ವರ್ಕ್ಸ್, ಬೈಸನ್, ರಿಯಲ್‌ಟೆಕ್, ಕ್ವಾಂಟಾ, ಸನ್‌ಪ್ಲಸ್, ಲಕ್ಸ್‌ವಿಷನ್ಸ್ ಇಂಥವನ್ನು ಹುಡುಕಿ.

ಪಟ್ಟಿಯಲ್ಲಿ ಕ್ಯಾಮೆರಾ ಇದ್ದರೆ ತಂತಿ, ಮಾಡ್ಯೂಲ್ (ಲೆನ್ಸ್, ಚಿಪ್ ಕೂತ ಕ್ಯಾಮೆರಾ ಪಟ್ಟಿ) ಎರಡೂ ಸರಿ. ತಪ್ಪು ವಿಂಡೋಸ್ ಕಡೆಯದ್ದು. ಇಲ್ಲದಿದ್ದರೆ ಸ್ಕ್ರೂಡ್ರೈವರ್ ಹುಡುಕುವ ಹೊತ್ತು. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿ, ಎಂ, ಇ, ಎಸ್, ಜಿ (dmesg) ಎಂಬ ಆಜ್ಞೆಯಲ್ಲಿ 'ಡಿವೈಸ್ ಡಿಸ್ಕ್ರಿಪ್ಟರ್ ರೀಡ್/64, ಎರರ್ -71' ಎಂಬ ಸಾಲು ಮತ್ತೆ ಮತ್ತೆ ಬರುತ್ತಿದ್ದರೆ ಡೇಟಾ ಕಲಸಿಹೋಗುತ್ತಿದೆ ಎಂದರ್ಥ. -110 ಬಂದರೆ ಕಾದು ಕಾದು ಉತ್ತರವೇ ಬರಲಿಲ್ಲ. ವಿಂಡೋಸ್ ಕೋಡ್ 43 ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ಲಿನಕ್ಸ್ ಹೀಗೆ ಬಿಡಿಸಿ ಹೇಳುತ್ತದೆ.

ಒಂದು ಮುಖ್ಯ ಅಪವಾದ ಇದೆ, ಇದನ್ನು ತಿಳಿಯದೆ ಒಳ್ಳೆಯ ಲ್ಯಾಪ್‌ಟಾಪ್ ಬಿಚ್ಚಿ ಕೆಡಿಸಿದವರಿದ್ದಾರೆ. ಇಂಟೆಲ್ 12ನೇ ತಲೆಮಾರಿನ ಆಸುಪಾಸಿನಿಂದ ಬಂದ ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ, ಉದಾಹರಣೆಗೆ ಡೆಲ್ ಎಕ್ಸ್‌ಪಿಎಸ್ 13 ಪ್ಲಸ್ 9320ರಲ್ಲಿ, ಕ್ಯಾಮೆರಾ ಯುಎಸ್‌ಬಿಯದ್ದಲ್ಲ. ಫೋನ್‌ಗಳಲ್ಲಿ ಇರುವಂತೆ ಎಂಐಪಿಐ ಎಂಬ ಬೇರೆಯದೇ ಜೋಡಣೆಯ ದಾರಿಯಲ್ಲಿ ನೇರ ಪ್ರೊಸೆಸರಿನ ಚಿತ್ರಸಂಸ್ಕರಣಾ ಭಾಗಕ್ಕೆ ಹೋಗುತ್ತದೆ. ಮೈಕ್ರೊಸಾಫ್ಟ್‌ನ ಹಲವು ಸರ್ಫೇಸ್‌ಗಳಲ್ಲೂ ಹೀಗೆಯೇ. ಇವು ಯುಎಸ್‌ಬಿ ಪಟ್ಟಿಯಲ್ಲಿ ಎಂದೂ ಕಾಣವು. ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಇಂಥ ಯಂತ್ರದಲ್ಲಿ ಕ್ಯಾಮೆರಾ ಕಾಣದಿದ್ದರೆ ಅದು ನಿಜಕ್ಕೂ ಡ್ರೈವರ್ ತೊಂದರೆಯೇ: ತಯಾರಕರ ಜಾಲತಾಣದಲ್ಲಿ ನಿಮ್ಮ ಸೀರಿಯಲ್ ನಂಬರ್ ಕೊಟ್ಟು ಚಿಪ್‌ಸೆಟ್ ಮತ್ತು ಕ್ಯಾಮೆರಾ ಡ್ರೈವರ್‌ಗಳನ್ನು ಎರಡನ್ನೂ ಹಾಕಿ ರೀಸ್ಟಾರ್ಟ್ ಮಾಡಿ.

ಯುಎಸ್‌ಬಿ ಕ್ಯಾಮೆರಾಗಳ ಡ್ರೈವರ್ ಕೆಲಸ ಚಿಕ್ಕದು. ಹೆಸರಿನ ಮೇಲೆ ಬಲ ಕ್ಲಿಕ್, 'ಅನ್‌ಇನ್‌ಸ್ಟಾಲ್ ಡಿವೈಸ್', ಡ್ರೈವರ್ ಅಳಿಸುವ ಟಿಕ್ ಇದ್ದರೆ ಅದನ್ನೂ ಹಾಕಿ. ಆಮೇಲೆ 'ಆ್ಯಕ್ಷನ್' ಮೆನುವಿನಿಂದ 'ಸ್ಕ್ಯಾನ್ ಫಾರ್ ಹಾರ್ಡ್‌ವೇರ್ ಚೇಂಜಸ್'. ಮೈಕ್ರೊಸಾಫ್ಟ್‌ನದೇ 'ಯುಎಸ್‌ಬಿ ವಿಡಿಯೊ ಡಿವೈಸ್' ಡ್ರೈವರ್ ಬಂದು ಕೂತರೆ ಸಾಕು. ಬಿಟ್ಟಿ ಡ್ರೈವರ್ ಪ್ಯಾಕ್‌ಗಳ ಸಹವಾಸ ಬೇಡ.

ಮುಚ್ಚಳವೇ ಸಾಕ್ಷಿ ಹೇಳುತ್ತದೆ

ಬಿಚ್ಚುವ ಮೊದಲು ಈ ಪರೀಕ್ಷೆ ಮಾಡಿ, ಖರ್ಚಿಲ್ಲ. ಡಿವೈಸ್ ಮ್ಯಾನೇಜರ್ ತೆರೆದಿಟ್ಟು, ಧ್ವನಿ ಜೋರು ಮಾಡಿ, ಪರದೆಯನ್ನು ತುಸು ಮುಚ್ಚಿದ ಸ್ಥಿತಿಯಿಂದ ಹಿಂದಕ್ಕೆ ಎಷ್ಟು ಹೋಗುತ್ತದೋ ಅಷ್ಟರವರೆಗೆ ನಿಧಾನವಾಗಿ ಒಯ್ಯಿರಿ, ಮತ್ತೆ ವಾಪಸ್ ತನ್ನಿ. ನೆಟ್ಟಗೆ ನಿಂತಾಗ 'ಟಿಡಿಂಗ್' ಎಂದು ಹೆಸರು ಬಂದು, ಇನ್ನೆರಡು ಬೆರಳು ಹಿಂದೆ ವಾಲಿಸಿದ ಕೂಡಲೇ ಇಳಿದ ದನಿಯಲ್ಲಿ ಸದ್ದಾಗಿ ಹೆಸರು ಹೋದರೆ ಇನ್ನು ಹುಡುಕಬೇಕಿಲ್ಲ, ಹಿಂಜಿನ ಬಳಿ ತಂತಿ ಮುರಿದಿದೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಹಾಗೇ ಇದ್ದು ಒಳಗಿನ ತಾಮ್ರ ಮಾತ್ರ ಸವೆದು ತುಂಡಾಗಿರುತ್ತದೆ, ಆದ್ದರಿಂದ ಕಣ್ಣಿಗೆ ಕಾಣದು. ಇದೇ ಕೋನದಲ್ಲಿ ಪರದೆಯೂ ಮಿನುಗಿದರೆ ಎರಡು ಸಾಕ್ಷಿ ಸಿಕ್ಕಂತೆ. ಅನೇಕ ಮಾದರಿಗಳಲ್ಲಿ ಡಿಸ್‌ಪ್ಲೇ ಮತ್ತು ಕ್ಯಾಮೆರಾ ಒಂದೇ ಕೇಬಲಿನ ಎರಡು ಕವಲು.

ಮೈಕ್ ಕೂಡ ಸುಳಿವು ಕೊಡುತ್ತದೆ. ಕ್ಯಾಮೆರಾದ ಎಡಬಲದಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದರೆ ಮೈಕ್ ಹೆಚ್ಚಾಗಿ ಅದೇ ಪಟ್ಟಿಯ ಮೇಲೆ ಇರುತ್ತದೆ, ಆದರೆ ಅದರ ಸಿಗ್ನಲ್ ತಂತಿಗಳು ಬೇರೆ. ಮೈಕ್ ಚೆನ್ನಾಗಿದ್ದು ಕ್ಯಾಮೆರಾ ಮಾತ್ರ ಇಲ್ಲವೆಂದರೆ ಕನೆಕ್ಟರ್ ಕೂತಿದೆ, ಡೇಟಾ ಜೋಡಿ ಅಥವಾ ಕ್ಯಾಮೆರಾ ಚಿಪ್ ಮೇಲೆ ಗುಮಾನಿ ಇಡಿ. ಎರಡೂ ಸತ್ತಿದ್ದರೆ ಕನೆಕ್ಟರ್ ಕಳಚಿದೆ ಅಥವಾ ಪವರ್ ಬರುತ್ತಿಲ್ಲ.

ಇತ್ತೀಚೆಗೆ ಪರದೆ ಅಥವಾ ಹಿಂಜ್ ಬದಲಿಸಿದ್ದರೆ ಬೇರೆ ಏನನ್ನೂ ಯೋಚಿಸುವ ಮೊದಲು ಅಲ್ಲಿಗೇ ಹೋಗಿ. ಕ್ಯಾಮೆರಾ ತುದಿಯ ಪುಟ್ಟ ಪ್ಲಗ್ ಪೂರ್ತಿ ಒತ್ತದೆ ಬೆಜೆಲ್ (ಪರದೆಯ ಸುತ್ತಲಿನ ಚೌಕಟ್ಟು) ಮುಚ್ಚಿಬಿಡುವುದು, ಕ್ಯಾಮೆರಾ ಕವಲೇ ಇಲ್ಲದ ಕೇಬಲ್ ಹಾಕಿಬಿಡುವುದು ಎರಡೂ ತೀರಾ ಸಾಮಾನ್ಯ ತಪ್ಪುಗಳು.

ಬಿಚ್ಚಿ ನೋಡುವಾಗ

ವಾರಂಟಿ ಇದ್ದರೆ ಇಲ್ಲಿಗೇ ನಿಲ್ಲಿಸಿ ಸರ್ವಿಸ್ ಸೆಂಟರಿಗೆ ಕೊಡಿ. ಅಂಚಿನಿಂದ ಅಂಚಿಗೆ ಗಾಜು ಅಂಟಿಸಿದ ಪರದೆ, ಟಚ್ ಪರದೆ ಇರುವುದನ್ನೂ ಮನೆಯಲ್ಲಿ ಬಿಚ್ಚಬೇಡಿ. ಗಾಜು ಒಡೆದರೆ ಕ್ಯಾಮೆರಾದ ಹತ್ತು ಪಟ್ಟು ಖರ್ಚು ಮೈಮೇಲೆ ಬರುತ್ತದೆ.

ಉಳಿದವರು ತಳದ ಮುಚ್ಚಳ ತೆಗೆದು ಮೊಟ್ಟಮೊದಲು ಬ್ಯಾಟರಿಯ ಕನೆಕ್ಟರ್ ಕೀಳಬೇಕು. ಇದನ್ನು ಒತ್ತಿ ಹೇಳಲು ಕಾರಣ ಇದೆ. 30 ಅಥವಾ 40 ಪಿನ್‌ನ ಡಿಸ್‌ಪ್ಲೇ ಕನೆಕ್ಟರಿನಲ್ಲಿ ಬ್ಯಾಕ್‌ಲೈಟಿಗೆ (ಪರದೆಯ ಹಿಂಬೆಳಕಿಗೆ) ಹೋಗುವ ವೋಲ್ಟೇಜ್ ಬ್ಯಾಟರಿ ಅಥವಾ ಚಾರ್ಜರಿನ ಮಟ್ಟದ್ದು. ಬ್ಯಾಟರಿ ಜೋಡಿಸಿಟ್ಟುಕೊಂಡೇ ಆ ಪ್ಲಗ್ ಎಳೆದು, ಮತ್ತೆ ಒಂಚೂರು ಓರೆಯಾಗಿ ಚುಚ್ಚಿದರೂ ಅದು ಪಕ್ಕದ ಪಿನ್‌ಗೆ ತಗುಲಿ ಬ್ಯಾಕ್‌ಲೈಟ್ ಫ್ಯೂಸ್ ಹಾರುತ್ತದೆ. ಕ್ಯಾಮೆರಾ ರಿಪೇರಿಗೆ ಕೂತವರು ಕತ್ತಲೆ ಪರದೆ ಹಿಡಿದು ಬೋರ್ಡ್ ರಿಪೇರಿಗೆ ಓಡಬೇಕಾಗುತ್ತದೆ.

ಬೆಜೆಲ್ ಬಿಡಿಸಲು ಗಿಟಾರ್ ಪಿಕ್ ಅಥವಾ ಹಳೆಯ ಸಿಮ್ ಕಾರ್ಡಿನ ಪ್ಲಾಸ್ಟಿಕ್ ಸಾಕು, ಲೋಹ ಬೇಡ. ಕ್ಯಾಮೆರಾ ಮಾಡ್ಯೂಲ್ ಎಂದರೆ ಮೇಲಂಚಿನಲ್ಲಿ ಡಬಲ್ ಟೇಪಿನಿಂದ ಅಂಟಿಸಿದ, ಸೆಂಟಿಮೀಟರಿಗಿಂತ ಕಿರಿದಾದ ಉದ್ದನೆಯ ಪಟ್ಟಿ. ಅದರ ಪ್ಲಗ್ಗನ್ನು ಉಗುರಿನಿಂದ ಎರಡೂ ಬದಿ ಸಮನಾಗಿ ತಳ್ಳಿ ತೆಗೆಯಿರಿ, ತಂತಿ ಹಿಡಿದು ಎಳೆಯಬೇಡಿ. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆಗಾಲ ಕಂಡ ಯಂತ್ರಗಳಲ್ಲಿ ಪಿನ್‌ಗಳ ಮೇಲೆ ಹಸಿರು ಕಿಲುಬು ಕೂತಿರುತ್ತದೆ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಹತ್ತು ನಿಮಿಷ ಒಣಗಲು ಬಿಡಿ. ಪ್ಲಗ್ ಮತ್ತೆ ಬಿಗಿಯಾಗಿ ಕೂರಿಸಿ ನೋಡಿ. ಎಷ್ಟೋ ಸಲ ಇಷ್ಟಕ್ಕೇ ಕ್ಯಾಮೆರಾ ಬರುತ್ತದೆ.

ಬರದಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ಕೇಬಲನ್ನು ಎರಡೂ ತುದಿ ಬಿಡಿಸಿ, ಕಂಟಿನ್ಯುಟಿಯಲ್ಲಿ (ತಂತಿ ಅಖಂಡವಾಗಿದ್ದರೆ ಬೀಪ್ ಕೊಡುವ ಆಯ್ಕೆ) ಒಂದೊಂದೇ ತಂತಿ ತುದಿಯಿಂದ ತುದಿಗೆ ಪರೀಕ್ಷಿಸಿ. ಬೀಪ್ ಬರುತ್ತಿರುವಾಗಲೇ ಹಿಂಜಿನೊಳಗೆ ಕೂರುವ ಭಾಗವನ್ನು ಬೆರಳಲ್ಲಿ ಮೆಲ್ಲಗೆ ಬಗ್ಗಿಸಿ. ಬೀಪ್ ತಡವರಿಸಿದರೆ ಆ ಎಳೆ ಮುರಿದಿದೆ. ಪಕ್ಕಪಕ್ಕದ ತಂತಿಗಳ ನಡುವೆ ಬೀಪ್ ಬರಕೂಡದು. ಮುರಿದ ಎಳೆಗೆ ಬೆಸುಗೆ ಹಾಕುವುದು ಸಾಧ್ಯ, ಆದರೆ ಹಿಂಜಿನ ಜಾಗದಲ್ಲಿ ಬೆಸುಗೆ ಹಾಕಿದ್ದು ಬಾಳುವುದಿಲ್ಲ. ಕೇಬಲ್ ಬದಲಿಸುವುದೇ ಲೇಸು.

ಕೇಬಲ್ ಸರಿಯಿದ್ದರೆ ಎಲ್ಲ ಜೋಡಿಸಿ, ಬ್ಯಾಟರಿ ಹಾಕಿ, ಯಂತ್ರ ಆನ್ ಮಾಡಿ, ಪ್ರೈವೆಸಿ ಸ್ವಿಚ್ ಆನ್ ಇಟ್ಟು, ಕ್ಯಾಮೆರಾ ತುದಿಯಲ್ಲಿ ಪವರ್ ಮತ್ತು ಗ್ರೌಂಡ್ ನಡುವೆ ಅಳೆಯಿರಿ. ಮಾದರಿಗೆ ತಕ್ಕಂತೆ 3.3 ವೋಲ್ಟ್ ಅಥವಾ 5 ವೋಲ್ಟ್ ಇರಬೇಕು. ಮೊನೆ ಜಾರಿ ಎರಡು ಪಿನ್ ಸೇರದಂತೆ ಕೈ ಊರಿ ಹಿಡಿಯಿರಿ. ವೋಲ್ಟೇಜೇ ಇಲ್ಲವೆಂದರೆ ಬೋರ್ಡ್ ಮೇಲಿನ ಫ್ಯೂಸ್ ಅಥವಾ ಸ್ವಿಚಿಂಗ್ ಟ್ರಾನ್ಸಿಸ್ಟರ್ ಹೋಗಿದೆ, ಅದು ಚಿಪ್ ಲೆವೆಲ್ ಕೆಲಸ ಮಾಡುವವರ ಪಾಲಿನದ್ದು. ವೋಲ್ಟೇಜ್ ಇದೆ, ತಂತಿಯೂ ಸರಿ, ಆದರೂ ಪತ್ತೆಯಿಲ್ಲ ಎಂದರೆ ಮಾಡ್ಯೂಲ್ ಸತ್ತಿದೆ.

ಬಿಡಿಭಾಗ ತರುವಾಗ

ಲ್ಯಾಪ್‌ಟಾಪ್ ಮಾದರಿಯ ಹೆಸರು ಹೇಳಿ ಮಾಡ್ಯೂಲ್ ಕೊಳ್ಳಬೇಡಿ. ಒಂದೇ ಮಾದರಿಗೆ ಎರಡು ಮೂರು ತಯಾರಕರ ಕ್ಯಾಮೆರಾ ಬಂದಿರುತ್ತದೆ. ಪ್ಲಗ್ ನೋಡಲು ಒಂದೇ ಥರ, ಒಳಗೆ ಪಿನ್‌ಗಳ ಕ್ರಮ ಬೇರೆ. ಪವರ್ ಬರಬೇಕಾದ ಕಡೆ ಗ್ರೌಂಡ್ ಇದ್ದರೆ ಹೊಸ ಮಾಡ್ಯೂಲ್ ಹಾಕಿದ ಗಳಿಗೆಯಲ್ಲೇ ಸುಟ್ಟುಹೋಗುತ್ತದೆ. ಹಳೆಯದರ ಹಿಂದೆ ಅಂಟಿಸಿದ ಚೀಟಿಯ ಪಾರ್ಟ್ ನಂಬರ್ ಅಕ್ಷರಶಃ ಹೊಂದಬೇಕು. ಕೇಬಲಿಗೂ ಅಷ್ಟೇ: ಬಿಳಿ ಚೀಟಿಯ ಮೇಲೆ 'ಡಿಸಿ02' ಅಥವಾ 'ಡಿಡಿ0' ಎಂದು ಶುರುವಾಗುವ ಸಂಖ್ಯೆ ಇದ್ದರೆ ಅದೇ ನಿಜವಾದ ಗುರುತು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರು ಹಳೆಯ ಮಾಡ್ಯೂಲನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಕೌಂಟರ್ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಮೊಳೆಯ ತೂತು, ಲೆನ್ಸಿನ ಜಾಗ, ಪಿನ್ ಎಣಿಕೆ ಎಲ್ಲ ಹೋಲಿಸಿ ತನ್ನಿ.

ಹೊಸದನ್ನು ಹಾಕಿದ ಕೂಡಲೇ ಬೆಜೆಲ್ ಮುಚ್ಚಬೇಡಿ. ಕೇಬಲ್ ಮೊದಲಿದ್ದ ಕಾಲುವೆಯಲ್ಲೇ ಕೂತಿದೆಯೇ, ಹಿಂಜಿನ ಹಲ್ಲಿಗೆ ಸಿಗುತ್ತಿಲ್ಲವೇ ನೋಡಿ. ಕ್ಯಾಮೆರಾ ಆಪ್ ತೆರೆದಿಟ್ಟು ಪರದೆಯನ್ನು 20 ಸಲ ಹಿಂದೆ ಮುಂದೆ ಆಡಿಸಿ. ಚಿತ್ರ ಒಮ್ಮೆಯೂ ನಿಲ್ಲದಿದ್ದರೆ ಪ್ಲಗ್ ಮೇಲೊಂದು ತುಂಡು ಕ್ಯಾಪ್ಟಾನ್ (Kapton) ಟೇಪ್, ಅಂದರೆ ಶಾಖ ತಡೆಯುವ ಇನ್ಸುಲೇಷನ್ ಟೇಪ್, ಅಂಟಿಸಿ ಮುಚ್ಚಿ.

ರಿಪೇರಿ ಬೇಡ, ಹೊರಗಿನ ಯುಎಸ್‌ಬಿ ಕ್ಯಾಮೆರಾ ಸಾಕು ಎಂದು ನಿರ್ಧರಿಸಿದರೂ ಒಳಗಿನದ್ದನ್ನು ಅರೆಜೀವವಾಗಿ ಬಿಡಬೇಡಿ. ಕೋಡ್ 43 ಕೊಡುತ್ತಿರುವ ಮಾಡ್ಯೂಲನ್ನು ವಿಂಡೋಸ್ ಮತ್ತೆ ಮತ್ತೆ ಎಬ್ಬಿಸಲು ನೋಡುತ್ತದೆ. ನಿಮಿಷಕ್ಕೊಮ್ಮೆ ಸದ್ದು, ಬೂಟ್ ಆಗಲು ತಡ. ಬಯಾಸ್‌ನಲ್ಲಿ ಆಫ್ ಮಾಡುವ ಆಯ್ಕೆ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಮಾಡ್ಯೂಲ್‌ನ ಪ್ಲಗ್ ಕಿತ್ತು, ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ ಬೆಜೆಲ್ ಒಳಗೇ ಮಲಗಿಸಿ.